ಕಪ್ಪು ದ್ರಾಕ್ಷಿ ಹಾಕಿದ ರವೆ ಉಂಡೆ

ನಾನು ಕಟ್ಟಿದ ರವೆ ಉಂಡೆಯನ್ನು ಜನ ಕಚ್ಚಿದ್ದಾರೆ, ನುಂಗಿದ್ದಾರೆ, ಜೇಬಿನಲ್ಲಿ ಬಚ್ಚಿಟ್ಟುಕೊಂಡು ಹೋಗಿದ್ದಾರೆ. ಒಬ್ಬರು ಹಲ್ಲು ಮುರಿಯಿತೆಂದು ಜಗಳಕ್ಕೂ ಬಂದಿದ್ದರು (ಆ ಹಲ್ಲು ಮೊದಲೇ ಅಲ್ಲಾಡುತ್ತಿತ್ತು, ನನ್ನ ತಪ್ಪಲ್ಲ). ಆದರೆ ಊದುಬತ್ತಿ ಕಡ್ಡಿ ಹಿಡಿದು ಉಂಡೆಯನ್ನು ಅಗೆದವರನ್ನು ನೋಡಿದ್ದು ಕಳೆದ ವಾರವೇ ಮೊದಲು.

ಅಗೆದವರು ಒಬ್ಬಿಬ್ಬರಲ್ಲ. ಇಡೀ ಎಂಟನೇ ಕ್ಲಾಸು.

ಮೊದಲಿನಿಂದ ಹೇಳುತ್ತೇನೆ. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಸುಜಾತಾ ಅಂತ ಒಬ್ಬ ಟೀಚರ್ ಇದ್ದಾಳೆ. ದಿನಾ ಹರಿಹರಕ್ಕೆ ಹೋಗಿ ಹೈಸ್ಕೂಲಿನಲ್ಲಿ ಪಾಠ ಮಾಡಿ ಬರುತ್ತಾಳೆ. ನಾನು ಹಾಸ್ಟೆಲ್ ಮಕ್ಕಳಿಗೆ ಉಂಡೆ, ಚಕ್ಕುಲಿ ಮಾಡಿ ಮಾರುವವಳು ಅನ್ನುವುದು ಪೇಪರಿನಲ್ಲಿ ನನ್ನನ್ನು ಓದುವ ನಿಮಗೆ ಗೊತ್ತೇ ಇದೆ. (ಹೊಸಬರಿಗೆ ಈಗ ಗೊತ್ತಾಯಿತು.) ಅವಳು ಬಂದು ಆರ್ಡರ್ ಕೊಟ್ಟಳು.

"ಅಜ್ಜಿ, ಮೂವತ್ತು ರವೆ ಉಂಡೆ ಬೇಕ್ರಿ. ಆದ್ರೆ ಒಳಗೆ ಕಪ್ಪು ದ್ರಾಕ್ಷಿನೇ ಹಾಕ್ರಿ. ಮೇಲೆ ಒಣಕೊಬ್ಬರಿ ತುರಿ ದಪ್ಪಗೆ ಮೆತ್ತಿರಬೇಕು."

"ಕಪ್ಪು ದ್ರಾಕ್ಷಿನಾ? ನೋಣ ಕುಂತಂಗೆ ಕಾಣ್ತಾವಲ್ಲವ್ವಾ."

"ಕಂಡ್ರೆ ಕಾಣ್ಲಿ ಬಿಡ್ರಿ."

ಓದಿದವರ ರುಚಿಯೇ ಬೇರೆ ಅಂದುಕೊಂಡು ಸುಮ್ಮನಾದೆ. ಮಾಡಿದ ಮೇಲೆ ಡಬ್ಬಿ ಹೊತ್ತುಕೊಂಡು ನಾನೇ ಹೊರಟೆ. ಯಾಕೆ? ಡಬ್ಬಿ ನನ್ನದು. ಟೀಚರುಗಳ ಕೈಗೆ ಹೋದ ಡಬ್ಬಿ ವಾಪಸ್ ಬಂದಿದ್ದನ್ನು ನಾನು ಕಂಡಿಲ್ಲ. ಅವತ್ತು ಅಮಾವಾಸ್ಯೆ, ಬಸ್ಸಿನ ತುಂಬ ಉಕ್ಕಡಗಾತ್ರಿ ಗುಡಿಗೆ ಹೋಗುವ ಜನ. ಪಕ್ಕದಲ್ಲಿ ಕೂತ ಹೆಂಗಸು ಡಬ್ಬಿಗೆ ಕೈ ಮುಗಿದು, "ಪ್ರಸಾದ ಏನ್ರಿ?" ಅಂದಳು. "ಅಲ್ಲ, ಎಂಟನೇ ಕ್ಲಾಸಿನ ಪಾಠ" ಅಂದೆ. ಆಗ ಅದು ತಮಾಷೆಗೆ ಅಂದ ಮಾತು.

ಕ್ಲಾಸಿನ ಹಿಂದಿನ ಬೆಂಚಿನಲ್ಲಿ ನನ್ನನ್ನು ಕೂರಿಸಿದರು. ಸುಜಾತಾ ಒಬ್ಬೊಬ್ಬರ ಮುಂದೆ ಕಾಗದ ಹಾಸಿ, ಒಂದೊಂದು ಉಂಡೆ ಇಟ್ಟು, ಸುತ್ತ ನಾಲ್ಕು ಕಾಳು ಮಂಡಕ್ಕಿ ಹಾಕಿದಳು. ಆಮೇಲೆ ಶುರು ಮಾಡಿದಳು.

ಉಂಡೆ ಅಂದರೆ ಗುಡ್ಡ. ಕೊಬ್ಬರಿ ಅಂದರೆ ಗುಡ್ಡದ ಮೇಲಿನ ಮಣ್ಣು, ಕಾಡು. ಮಂಡಕ್ಕಿ ಅಂದರೆ ಗುಡ್ಡದ ಕೆಳಗಿನ ಊರಿನ ಮನೆಗಳು. ಕಪ್ಪು ದ್ರಾಕ್ಷಿ ಅಂದರೆ ಕಲ್ಲಿದ್ದಲು. ಹತ್ತು ನಿಮಿಷದಲ್ಲಿ ಕಡ್ಡಿಯಿಂದ ಕಲ್ಲಿದ್ದಲು ತೆಗೆಯಬೇಕು. ಹೆಚ್ಚು ತೆಗೆದವರು ಗೆದ್ದರು. ಆಮೇಲೆ ಗುಡ್ಡವನ್ನು ಮೊದಲು ಹೇಗಿತ್ತೋ ಹಾಗೆ ಮಾಡಬೇಕು.

ನೋಣದಂಥ ದ್ರಾಕ್ಷಿ ಯಾಕೆ ಅಂತ ಆಗ ತಿಳಿಯಿತು. ಮೈ ಉರಿಯಿತು.

"ಏ, ತಿನ್ನೋ ಪದಾರ್ಥನ ಯಾಕ್ರಪ್ಪಾ ಹಿಂಗೆ ಕೆದಕ್ತೀರಿ?" ಅಂತ ಎದ್ದುಬಿಟ್ಟೆ.

"ಎಲ್ಲಾ ತಿಂತಾರ್ರಿ ಅಜ್ಜಿ, ಒಂದು ಚೂರೂ ಚೆಲ್ಲಲ್ಲ. ಕೂಡ್ರಿ" ಅಂದಳು ಸುಜಾತಾ. ಕೂತೆ. ಕೂತು ನೋಡಿದೆ.

ನನ್ನ ಉಂಡೆ ಗಟ್ಟಿ. ಪಾಕ ಹಿಡಿಯುವುದರಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಡ್ಡಿಗಳು ಪಟಪಟ ಮುರಿದವು. ನನಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ ಮುಂದಿನ ಬೆಂಚಿನ ಪ್ರವೀಣ ಅನ್ನುವವನು ಕಂಪಾಸ್ ಬಾಕ್ಸ್ ಎತ್ತಿ ಉಂಡೆಯ ನೆತ್ತಿಗೆ ಒಂದು ಕೊಟ್ಟ. ಉಂಡೆ ನಾಲ್ಕು ಹೋಳು. ದ್ರಾಕ್ಷಿ ಕೈಗೆ ಬಂತು. ಅವನನ್ನು ನೋಡಿ ಎಲ್ಲರೂ ಶುರು. ಕೊಬ್ಬರಿ, ರವೆ ಎಲ್ಲ ಕಲಸಿಹೋಯಿತು. ಮಂಡಕ್ಕಿ ಹಾರಿ ಬೆಂಚಿನ ಕೆಳಗೆ ಹೋಯಿತು. ಮಂಡಕ್ಕಿ ಎಲ್ಲಿ ಹೋಯಿತು ಅಂತ ಯಾರಾದರೂ ಬಗ್ಗಿ ನೋಡಿದರಾ? ಯಾರೂ ಇಲ್ಲ. ದ್ರಾಕ್ಷಿ ಎಣಿಸುವ ಗಡಿಬಿಡಿ.

ಒಬ್ಬಳು ಮಾತ್ರ ಕಡ್ಡಿಯನ್ನೇ ಮುಟ್ಟಿರಲಿಲ್ಲ. ಕಿಟಕಿ ಪಕ್ಕದ ನೇತ್ರಾ. ಉಂಡೆಯ ಸುತ್ತ ಎರಡೂ ಕೈ ಅಡ್ಡ ಇಟ್ಟುಕೊಂಡು ಕೂತಿದ್ದಳು.

ಪ್ರವೀಣ ಹಿಂದೆ ತಿರುಗಿದ. "ಯಾಕಲೇ ನೇತ್ರಾ, ನಿಂಗೆ ಮನೇಲೇ ಟ್ರೈನಿಂಗ್ ಆಗಿರ್ಬೇಕಲ್ಲ. ನಿಮ್ಮಪ್ಪ ಮಾಡೋದು ಇದೇ ಅಲ್ವಾ?"

ಕ್ಲಾಸು ಗೊಳ್ಳೆಂದಿತು. ನೇತ್ರಾಳ ಅಪ್ಪ ಹನುಮಂತಪ್ಪ ಮಣ್ಣು ಅಗೆಯುವ ದೊಡ್ಡ ಮಷೀನಿನ ಆಪರೇಟರ್. ವರ್ಷದಿಂದ ಉತ್ತರದ ಕಡೆ ಯಾವುದೋ ಕಲ್ಲಿದ್ದಲು ಗಣಿಯಲ್ಲಿದ್ದಾನಂತೆ. ಹಿಂದಿನ ದಿನವೇ ಸುಜಾತಾ ಗಣಿಯಿಂದ ಕಾಡು ಹೋಗುತ್ತದೆ, ಊರು ಎತ್ತಂಗಡಿಯಾಗುತ್ತದೆ, ಬಾವಿ ಬತ್ತುತ್ತದೆ ಅಂತ ಪಾಠ ಮಾಡಿದ್ದಳಂತೆ. ಅಲ್ಲಿಂದ ಈ ಹುಡುಗಿಗೆ 'ಗುಡ್ಡ ನುಂಗೋನ ಮಗಳು' ಅನ್ನುವ ಹೆಸರು ಬಿದ್ದಿತ್ತು.

ನೇತ್ರಾ ಎದ್ದು ನಿಂತಳು. ಅಳಲಿಲ್ಲ. "ಮಿಸ್, ನಮ್ಮಪ್ಪ ಕಳ್ಳನೇನ್ರಿ?" ಅಂದಳು.

ಈಗ ಸುಜಾತಾ ಸಿಕ್ಕಿಬಿದ್ದಳು. ಹೌದು ಅನ್ನುವ ಹಾಗಿಲ್ಲ. ಇಲ್ಲ ಅಂದರೆ ನಿನ್ನೆಯ ಪಾಠ ಏನಾಯಿತು? ನೀವೇ ಆಗಿದ್ದರೆ ಏನು ಹೇಳುತ್ತಿದ್ದಿರಿ?

ನಾನು ಎರಡನೇ ಸಲ ಎದ್ದೆ.

"ನಮ್ಮ ಯಜಮಾನ್ರು ದಾವಣಗೆರೆ ಮಿಲ್ನಾಗೆ ಬಾಯ್ಲರ್‌ಗೆ ಕಲ್ಲಿದ್ದಲು ಹಾಕ್ತಿದ್ರು. ಉಗುಳಿದ್ರೆ ಕರ್ರಗೆ ಬರೋದು. ಅರ್ಧ ಸುಟ್ಟ ಕಲ್ಲಿದ್ದಲನ್ನ ಬೂದಿ ಗುಡ್ಡೆಯಿಂದ ಆರಿಸ್ಕೊಂಡು ಬಂದು ನಾನು ರೊಟ್ಟಿ ಸುಟ್ಟೀನಿ. ನಾನೂ ಕಳ್ಳಿನೇನ್ರೋ?"



ಒಂದು ಮಾತು ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಅಷ್ಟು ವರ್ಷ ಉರಿಸಿದೆ, ಆ ಕಲ್ಲಿದ್ದಲು ಎಲ್ಲಿಂದ ಬರುತ್ತದೆ ಅಂತ ಒಂದು ದಿನವೂ ಕೇಳಿದವಳಲ್ಲ. ಗೂಡ್ಸ್ ರೈಲಿನಿಂದ ಬರುತ್ತದೆ ಅಂದುಕೊಂಡಿದ್ದೆ. ಹಾಲು ಪ್ಯಾಕೆಟ್ಟಿನಿಂದ ಬರುತ್ತದೆ ಅನ್ನುವ ಮಕ್ಕಳನ್ನು ನೋಡಿ ನಗುತ್ತೇವಲ್ಲ, ಅದೇ ಜಾತಿ ನಾನೂ.

"ಫ್ಯಾನ್ ಆಫ್ ಮಾಡ್ರಿ" ಅಂದೆ.

ಆಫ್ ಆಯಿತು. ಹರಿಹರದ ಬಿಸಿಲು, ಮೇಲೆ ಆರ್‌ಸಿಸಿ. ಎರಡು ನಿಮಿಷಕ್ಕೆ ಎಲ್ಲರ ಕತ್ತಿನಲ್ಲಿ ಬೆವರು. ಪ್ರವೀಣ ನೋಟ್‌ಬುಕ್ಕಿನಲ್ಲಿ ಗಾಳಿ ಹಾಕಿಕೊಳ್ಳತೊಡಗಿದ.

"ಹನುಮಂತಪ್ಪ ಅಗೆಯೋದು ಈ ಗಾಳಿಗೋಸ್ಕರ. ಈಗ ಹೇಳ್ರಿ, ಯಾರು ಕಳ್ಳರು?"

ಒಬ್ಬ ಜಾಣ ಹುಡುಗಿ ಕೈ ಎತ್ತಿದಳು. "ಅಜ್ಜಿ, ಎಲ್ಲಾ ಕರೆಂಟೂ ಕಲ್ಲಿದ್ದಲಿಂದ ಬರಲ್ಲ. ನೀರಿಂದ್ಲೂ ಬರುತ್ತೆ, ಬಿಸಿಲಿಂದ್ಲೂ ಬರುತ್ತೆ."

"ಬರ್ಲಿ ಬಿಡವ್ವಾ, ಒಳ್ಳೇದು. ಫ್ಯಾನಿಗೆ ಮೂರು ರೆಕ್ಕೆ ಐತೆ. ಯಾವ ರೆಕ್ಕೆ ಯಾವುದ್ರಿಂದ ತಿರುಗುತ್ತೆ, ಬಿಡಿಸಿ ತೋರ್ಸು."

ನಕ್ಕರು. ನೇತ್ರಾಳೂ ನಕ್ಕಳು. ನಕ್ಕವಳು ನಿಂತುಕೊಂಡೇ ಹೇಳಿದಳು: "ಮಿಸ್, ಈಗ ಅಲ್ಲಿ ಊಟಕ್ಕೆ ಬಿಟ್ಟಿರ್ತಾರೆ. ನಮ್ಮಪ್ಪನ್ನೇ ಕೇಳೋಣ್ವಾ?"

ಇದು ಪಾಠದ ಪ್ಲಾನಿನಲ್ಲಿ ಇರಲಿಲ್ಲ. ಸುಜಾತಾ ಒಂದು ಗಳಿಗೆ ಬಾಗಿಲ ಕಡೆ ನೋಡಿದಳು, ಹೆಡ್‌ಮಾಸ್ಟರ್ ಬಂದಾರು ಅಂತ. ಆಮೇಲೆ ತನ್ನ ಮೊಬೈಲ್ ತೆಗೆದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. (ಆ ಹೊತ್ತಿಗೇ ಅವಳು ಒಳ್ಳೆ ಟೀಚರ್ ಅಂತ ನನಗೆ ಗೊತ್ತಾಗಿದ್ದು. ಡಬ್ಬಿಯ ವಿಷಯ ಬೇರೆ.)

ಸ್ಕೂಲಿನ ಹೊತ್ತಿನಲ್ಲಿ ಮಗಳ ದನಿ ಕೇಳಿ ಹನುಮಂತಪ್ಪ ಗಾಬರಿಯಾದ. "ಏನಾಯ್ತವ್ವಾ? ಅಮ್ಮ ಆರಾಮ ಅದಾಳಾ?"

"ಎಲ್ಲಾ ಆರಾಮಪ್ಪಾ. ನಮ್ಮ ಕ್ಲಾಸಿಗೆ ನಿನ್ನ ಕೆಲಸದ ಬಗ್ಗೆ ಪಾಠ ಹೇಳ್ಬೇಕಂತೆ."

"ನಾನಾ? ನಾನು ಏಳನೇ ಕ್ಲಾಸ್ ಫೇಲು."

"ಪರವಾಗಿಲ್ಲ ಹೇಳಪ್ಪಾ" ಅಂತ ಹಿಂದಿನಿಂದ ನಾನು ಕೂಗಿದೆ. "ನಾನು ಒತ್ತಕ್ಷರ ಬರದೇ ಪೇಪರಿಗೆ ಬರೀತೀನಿ."

ಉಂಡೆಯ ಆಟವನ್ನು ಸುಜಾತಾ ಅವನಿಗೆ ವಿವರಿಸಿದಳು. ಅವನು ಕೇಳಿದ ಮೊದಲ ಪ್ರಶ್ನೆ: "ಕೊಬ್ಬರಿ ಬೇರೆ ತೆಗೆದಿಟ್ರಾ?"

ಕ್ಲಾಸು ಕಾಗದ ನೋಡಿಕೊಂಡಿತು. ಯಾರೂ ತೆಗೆದಿಟ್ಟಿರಲಿಲ್ಲ.

"ಹಂಗಾದ್ರೆ ಕೆಟ್ಟಿತು ಬಿಡ್ರಿ. ಮೊದ್ಲು ಮೇಲ್ಮಣ್ಣು ಕೆರೆದು ಬೇರೆ ಗುಡ್ಡೆ ಹಾಕ್ಬೇಕು. ಗುಂಡಿ ಮುಚ್ಚಿದ ಮೇಲೆ ಅದನ್ನೇ ವಾಪಸ್ ಹರಡ್ಬೇಕು. ಇಲ್ಲಿ ಹಳೇ ಗುಂಡಿ ಒಂದೈತೆ. ಹಂಗೆ ಮಾಡಿದ ಕಡೆ ಹುಲ್ಲು ಬಂದೈತೆ, ಗಿಡ ನನ್ನೆತ್ತರ ಆಗ್ಯಾವೆ. ಮಾಡದ ಕಡೆ ಏನೂ ಇಲ್ಲ, ಬರೀ ಕಲ್ಲು. ಅದನ್ನ ನೋಡಿದ ಮೇಲೆ ನಾನು ನಿಧಾನಕ್ಕೆ ಕೆರಿತೀನಿ. ಸೂಪರ್‌ವೈಸರ್ ಬೈತಾನೆ. ಬೈಲಿ."

"ಅಂಕಲ್, ಮನೆಗಳು?" ಅಂದ ಪ್ರವೀಣ. ಅದೇ ಪ್ರವೀಣ. ಅಷ್ಟು ಹೊತ್ತಿಗೆ ಅವನು ಬೆಂಚಿನ ಕೆಳಗೆ ಬಗ್ಗಿ ಮಂಡಕ್ಕಿ ಹುಡುಕುತ್ತಿದ್ದ.

ಹನುಮಂತಪ್ಪ ಅದನ್ನೂ ಹೇಳಿದ. "ಊರನ್ನ ದೂರ ಶೀಟಿನ ಮನೆಗಳಿಗೆ ಕಳಿಸ್ಯಾರೆ. ಒಬ್ಬ ಮುದುಕಿ ದಿನಾ ಸಂಜೆ ಬೇಲಿ ಹತ್ರ ಬರ್ತಾಳೆ. ಆಕಿ ಮನೆ ಗುಡ್ಡದ ಮೇಲಿತ್ತು, ಅಂಗಳದಾಗೆ ಹುಣಸೆಮರ. ಮರ ಎಲ್ಲಿತ್ತಪ್ಪಾ ಅಂತ ನನ್ನ ಕೇಳ್ತಾಳೆ. ಅಗೆದೋನು ನಾನೇ ಅಲ್ವಾ, ನಂಗೆ ಗೊತ್ತಿರುತ್ತೆ. ಕೈ ಎತ್ತಿ ಅಲ್ಲಿ ಅಂತ ತೋರಿಸ್ತೀನಿ. ಅಲ್ಲಿ ಈಗ ಬರೀ ಗಾಳಿ. ಒಂದಷ್ಟು ಹೊತ್ತು ನೋಡಿ, ಹೋಗ್ತಾಳೆ."



"ಅಪ್ಪಾ, ಅವರ ಹೆಸರೇನು?" ಅಂದಳು ನೇತ್ರಾ.

"ಹೆಸರು..." ಅಂದ. "ಕೇಳಿಲ್ಲವ್ವಾ."

"ಕೇಳು."

ಆ ಒಂದೇ ಮಾತು. ಟೀಚರ್ ಹೋಂವರ್ಕ್ ಕೊಟ್ಟ ಹಾಗೆ.

ಫೋನ್ ಇಟ್ಟ ಮೇಲೆ ಗುಡ್ಡ ಕಟ್ಟುವ ಕೆಲಸ. ಮಕ್ಕಳು ಪುಡಿಯನ್ನು ಹಿಸುಕಿದರು, ಒತ್ತಿದರು, ಒಬ್ಬಳು ಉಗುಳು ಹಚ್ಚಲು ಹೋಗಿ ನನ್ನಿಂದ ಬೈಸಿಕೊಂಡಳು. ನಿಲ್ಲಲಿಲ್ಲ. ಹೇಗೆ ನಿಲ್ಲುತ್ತದೆ? ಪಾಕದ ರವೆಯನ್ನು ಬಿಸಿ ಇದ್ದಾಗಲೇ ಕಟ್ಟಬೇಕು. ಆರಿದ ಮೇಲೆ ಯಾರ ಕೈಗೂ ಬಗ್ಗುವುದಿಲ್ಲ.

"ಅಜ್ಜಿ, ನೀವು ಕಟ್ಟಿ ತೋರಿಸ್ರಿ" ಅಂದರು.

ಸ್ಟಾಫ್ ರೂಮಿನಿಂದ ಎರಡು ಚಮಚ ಬಿಸಿ ಹಾಲು ತರಿಸಿದೆ. ಚಿಮುಕಿಸಿ ಒತ್ತಿದೆ. ಚೆಂದದ ಉಂಡೆ ಎದ್ದು ನಿಂತಿತು. ಚಪ್ಪಾಳೆ. ಸುಳ್ಳು ಹೇಳಿ ಬರಬಹುದಿತ್ತು. ಹೇಳಲಿಲ್ಲ.

"ಖುಷಿ ಪಡಬ್ಯಾಡ್ರಿ. ಮೊದ್ಲಿಂದು ಹದಿನೈದು ದಿನ ಇರೋದು. ಹಾಲು ಹಾಕಿದ್ದು ನಾಳೆ ಹುಳಿ ವಾಸನಿ. ಫೋಟೋ ತೆಗೆಯೋಕೆ ಚಲೋ, ಅಷ್ಟೇ. ಈಗ್ಲೇ ತಿಂದುಬಿಡ್ರಿ."

ತಿಂದರು. ಕಾಗದವನ್ನೂ ನೆಕ್ಕಿದರು. ನೇತ್ರಾಳದು ಮಾತ್ರ ಅಗೆಯದೆ ಉಳಿದಿತ್ತು. ಕೊಬ್ಬರಿ, ನಾಲ್ಕು ಮಂಡಕ್ಕಿ ಎಲ್ಲ ಇದ್ದ ಹಾಗೇ. ಅದನ್ನು ಯಾರೂ ಕೇಳಲಿಲ್ಲ. ಪ್ರವೀಣನೇ ಮೇಜಿನ ಮೇಲಿದ್ದ ಸ್ಟೀಲ್ ಲೋಟ ತಂದು ಇರುವೆ ಬರದಿರಲಿ ಅಂತ ಅದರ ಮೇಲೆ ಬೋರಲು ಹಾಕಿದ. ಕ್ಷಮೆ ಕೇಳುವುದು ಅವನಿಗೆ ಬರುವುದಿಲ್ಲ, ಲೋಟ ಮುಚ್ಚುವುದು ಬಂತು. ಅಷ್ಟು ಸಾಕು.

ನಾನು ಮಕ್ಕಳನ್ನು ಹೊಗಳುವವಳಲ್ಲ. ಆದರೂ ಹೇಳುತ್ತೇನೆ. ನಾನು ಅರವತ್ತು ವರ್ಷ ಕೇಳದೇ ಇದ್ದದ್ದನ್ನು ಇವರು ಹದಿಮೂರನೇ ವಯಸ್ಸಿನಲ್ಲಿ, ಒಂದು ಪೀರಿಯಡ್ಡಿನಲ್ಲಿ ಕೇಳಿದರು. ಎಲ್ಲಿಂದ ಬರುತ್ತದೆ? ಯಾರ ಅಂಗಳದಿಂದ? ಅವರ ಹೆಸರೇನು? ಕೇಳುವವರಿದ್ದರೆ ಅಗೆಯುವವನು ನಿಧಾನಕ್ಕೆ ಕೆರೆಯುತ್ತಾನೆ. ಬೈಯುವ ಸೂಪರ್‌ವೈಸರನೂ ಒಂದು ದಿನ ಸುಮ್ಮನಾದಾನು.

ನಿನ್ನೆ ಸುಜಾತಾ ಮನೆಗೆ ಬಂದಿದ್ದಳು. ಡಬ್ಬಿ ವಾಪಸ್ ಬರಲಿಲ್ಲ (ಅವತ್ತು ಕಡೆಗೂ ಸ್ಟಾಫ್ ರೂಮಿನಲ್ಲೇ ಮರೆತು ಬಂದಿದ್ದೆ). ಆದರೆ ಮೊಬೈಲಿನಲ್ಲಿ ಹನುಮಂತಪ್ಪನ ವಾಯ್ಸ್ ಮೆಸೇಜ್ ತಂದಿದ್ದಳು. ಈಗ ಕ್ಲಾಸಿನಲ್ಲಿ 'ನಿಮ್ಮಪ್ಪ ಮತ್ತೆ ಯಾವಾಗ ಫೋನ್ ಮಾಡ್ತಾರೆ' ಅಂತ ದಿನಾ ನೇತ್ರಾಳನ್ನು ಕಾಡುತ್ತಾರಂತೆ. ಹಳೆಯ ಅಡ್ಡಹೆಸರು ಯಾರ ಬಾಯಲ್ಲೂ ಇಲ್ಲವಂತೆ.

ಮೆಸೇಜಿನಲ್ಲಿ ಅವನು ಹೇಳಿದ್ದು ಇಷ್ಟು: "ನೇತ್ರಾ, ಕೇಳಿದೆ ಕಣವ್ವಾ. ಆಕಿ ಹೆಸರು ಫೂಲ್ಮತಿ. ಯಾರು ಕೇಳಿದ್ದು ಅಂದ್ಲು. ನಮ್ಮೂರ ಸ್ಕೂಲ್ ಹುಡುಗ್ರು ಅಂದೆ. ಬಾಳ ಹೊತ್ತು ನಕ್ಕಳು. ಆಮೇಲೆ ಆಕಿನೂ ಒಂದು ಕೇಳ್ಯಾಳೆ. 'ಅಲ್ಲಿ ಲೈಟು ಚೆನ್ನಾಗಿ ಉರೀತಾವಾ?' ಅಂತ."

ಎಂಟನೇ ಕ್ಲಾಸಿನವರು ಫೂಲ್ಮತಿಗೆ ಉತ್ತರ ಬರೆಯುತ್ತಿದ್ದಾರೆ. ನಿಮ್ಮ ಮನೆಯಲ್ಲೂ ಲೈಟ್ ಉರಿಯುತ್ತಿದೆಯಲ್ಲ, ನೀವೇನು ಬರೆಯುತ್ತೀರಿ?