ಹುಣಸೆಹುಳಿ ತಿಕ್ಕಿದ ಗುಂಡಿನ ಅಚ್ಚು

ನಾನು ಮದುವೆಯಾಗಿ ಸುಳ್ಯದ ಕಡೆಯ ಈ ಮನೆಗೆ ಬಂದದ್ದು ಐವತ್ತರ ದಶಕದಲ್ಲಿ. ಆ ವರ್ಷ ಆಯುಧ ಪೂಜೆಯ ಮುನ್ನಾದಿನ, ತಿಕ್ಕಿ ಬೆಳಗಿಡಲೆಂದು ಅತ್ತೆ ಕತ್ತಿ ಹಾರೆಗಳ ಜೊತೆ ಒಂದು ಹಿತ್ತಾಳೆಯ ಇಕ್ಕುಳವನ್ನೂ ಕೊಟ್ಟರು. ಅದರ ಬಾಯಿಯ ಎರಡು ಬದಿಯಲ್ಲೂ ಅರ್ಧ ಗೋಲಿಯಷ್ಟು ಕುಳಿ. ಸೀಸ ಕರಗಿಸಿ ಹೊಯ್ದು ಕೋವಿಯ ಗುಂಡು ಮಾಡುವ ಅಚ್ಚಂತೆ ಅದು. ತನ್ನ ಅಜ್ಜ ಬ್ರಿಟಿಷರ ಪಲ್ಟನ್ನಿನಲ್ಲಿ ಸಿಪಾಯಿಯಾಗಿದ್ದಾಗ ತಂದದ್ದೆಂದು ಮಾವ ಹೇಳುತ್ತಿದ್ದರು.

ಕಡಬದಲ್ಲಿದ್ದ ಅವರ ತಮ್ಮ, ಅಂದರೆ ನನ್ನ ಚಿಕ್ಕಮಾವ, ಪ್ರತಿ ವರ್ಷ ಪೂಜೆಗೆ ಬಂದು ಕೆಣಕುವರು.

"ಎಂತ ಅಣ್ಣ, ಅಡಿಕೆ ಒಡೆಯುವ ಇಕ್ಕುಳಕ್ಕೆ ಈ ಸಲವೂ ಹೂ ಉಂಟಾ? ಅಜ್ಜ ಪಲ್ಟನ್ನಿನಲ್ಲಿ ಎಲೆಯಡಿಕೆ ಮಡಿಸ್ತಿದ್ದದ್ದೋ ಏನೋ!"

ಎಲ್ಲರೂ ನಗುವರು. ಮಾವನೂ ನಗುವರು. ಆದರೆ ಆ ದಿನ ಅವರ ಎಲೆಯಲ್ಲಿ ಪಾಯಸ ಉಳಿಯುತ್ತಿತ್ತು. ಬಡಿಸುವವಳಿಗೆ ಅದು ಕಾಣದೆ ಇರುತ್ತದೆಯೇ?

ಅರವತ್ತರ ದಶಕದಲ್ಲಿ ಮಾವನಿಗೆ ದಮ್ಮು ಹೆಚ್ಚಾಯಿತು. "ಇದು ಹೌದಾ ಅಲ್ವಾ ಅಂತ ತಿಳಿದವರ ಬಾಯಲ್ಲಿ ಒಮ್ಮೆ ಕೇಳ್ಬೇಕು" ಎಂಬುದೊಂದೇ ಅವರ ಹಟ. ಪುತ್ತೂರಿನಲ್ಲಿ ಮಿಲಿಟರಿಯಿಂದ ನಿವೃತ್ತರಾದ ಒಬ್ಬರು ಇಂಥ ಹಳೆಯ ಅಚ್ಚುಗಳನ್ನು ಹುಡುಕಿ ಕೂಡಿಡುತ್ತಾರೆಂದು ನಮ್ಮವರಿಗೆ ಗೊತ್ತಾಗಿ ಕರೆತಂದರು. ಅವರು ಬರುವ ದಿನ ಬೆಳಿಗ್ಗೆ ನಾನು ಹುಣಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು ಕೈ ಸೋಲುವಷ್ಟು ತಿಕ್ಕಿದೆ. ಅಚ್ಚು ದೇವರ ದೀಪದ ಹಾಗೆ ಹೊಳೆಯಿತು.

ಬಂದವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು.

"ಸೈನ್ಯದ್ದಾದರೆ ಇಲ್ಲಿ ಬಾಣದ ಗುರುತು ಒತ್ತಿರ್ತಾರೆ. ಏನೋ ಇದ್ದ ಹಾಗೆ ಉಂಟು, ಆದರೆ ಪೂರಾ ಸವೆದಿದೆ. ಯಾರು ಮಾರಾಯ್ರೆ ಇದನ್ನು ಇಷ್ಟು ತಿಕ್ಕಿದ್ದು?"

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅಷ್ಟು ವರ್ಷ ಪ್ರತಿ ಪೂಜೆಗೂ ತಿಕ್ಕಿದ ಕೈ ನನ್ನದೇ. ಮಾವ ಒಮ್ಮೆ ನನ್ನ ಕಡೆ ನೋಡಿದರು.

"ಹಳೇದಲ್ವಾ, ತನ್ನಿಂದ ತಾನೇ ಸವೆದಿರ್ಬೇಕು" ಎಂದುಬಿಟ್ಟರು.

ದೇವರೇ, ನೀನೇ ದಾರಿ ತೋರಿಸು ಎಂದು ದೇವರ ಕೋಣೆಗೆ ಹೋಗಿ ನಿಂತೆ. ಅಲ್ಲಿ ಹಲಗೆಯ ಮೇಲೆ ಗೋಲಿಯಷ್ಟು ದೊಡ್ಡ ಒಂದು ಕಪ್ಪು ಉರುಟು ಕಲ್ಲಿತ್ತು. ಅತ್ತೆಯ ಅತ್ತೆ ಇಟ್ಟದ್ದಂತೆ. ಯಾವ ದೇವರದ್ದೆಂದು ಯಾರಿಗೂ ಗೊತ್ತಿರಲಿಲ್ಲ. ದೇವರದ್ದೆಂದು ಅದನ್ನು ಯಾರೂ ತಿಕ್ಕುತ್ತಿರಲಿಲ್ಲ. ದಿನಾ ಗಂಧ ಹಚ್ಚುತ್ತಿದ್ದವಳು ನಾನು. ಇಷ್ಟು ಸಣ್ಣ ಕಲ್ಲು ಇಷ್ಟು ಭಾರ ಯಾಕೆ ಎಂದು ಆ ಗಳಿಗೆಯಲ್ಲಿ ಹೊಳೆಯಿತು. ಅದು ಕಲ್ಲಲ್ಲ, ಸೀಸ. ತಪ್ಪಾದರೆ ಕ್ಷಮಿಸು ಎಂದು ಕೈಮುಗಿದು, ಗಂಧ ಒರೆಸಿ, ತಂದು ಮಾವನ ಕೈಯಲ್ಲಿಟ್ಟೆ.

ಪುತ್ತೂರಿನವರು ಅದನ್ನು ಅಚ್ಚಿನ ಕುಳಿಯಲ್ಲಿಟ್ಟು ಮುಚ್ಚಿದರು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಕುಳಿಯೊಳಗೆ ಸೂಜಿಮೊನೆಯಷ್ಟು ಒಂದು ಗಾಯ; ಗುಂಡಿನ ಮೇಲೆ ಅದೇ ಜಾಗದಲ್ಲಿ ಅಷ್ಟೇ ಚಿಕ್ಕ ಮೊಡವೆ.

"ಸೈನ್ಯದ್ದೇ ಅಂತ ಆಣೆ ಹಾಕ್ಲಿಕ್ಕೆ ನನ್ನಿಂದಾಗುದಿಲ್ಲ. ಆದರೆ ಈ ಗುಂಡು ಹುಟ್ಟಿದ್ದು ಈ ಅಚ್ಚಿನಲ್ಲೇ."

"ಅಡಿಕೆ ಒಡೆಯುದಕ್ಕಲ್ಲ ಅಲ್ವಾ?" ಎಂದರು ಮಾವ.

"ಅಡಿಕೆಯಾ! ನನ್ನಲ್ಲಿ ಹನ್ನೊಂದು ಅಚ್ಚು ಉಂಟು. ತನ್ನದೇ ಗುಂಡಿರುವುದು ಒಂದೂ ಇಲ್ಲ. ನನಗೆ ಕೊಡ್ತೀರಾ?"

"ಇಲ್ಲಪ್ಪ. ನನ್ನ ತಮ್ಮನಿಗೆ ತೋರಿಸ್ಲಿಕ್ಕೆ ಉಂಟು."

ಆ ನವರಾತ್ರಿಗೆ ಅಚ್ಚನ್ನು ಒಣಬಟ್ಟೆಯಲ್ಲಿ ಒರೆಸಿದೆ, ಅಷ್ಟೇ. ಚಿಕ್ಕಮಾವ ಬಂದು ಬಾಯಿ ತೆರೆಯುವ ಮೊದಲೇ ಮಾವ ಅವರ ಅಂಗೈಗೆ ಗುಂಡು ಹಾಕಿ, "ಒಡಿ ನೋಡುವಾ, ಈ ಅಡಿಕೆ" ಎಂದರು. ಗುರುತು ಸವೆಸಿದ್ದು ಯಾರೆಂದು ಮಾತ್ರ ಕಡೆಯವರೆಗೂ ಯಾರಿಗೂ ಹೇಳಲಿಲ್ಲ.

ಅಂದು ಮಾವ ಎರಡು ಸಲ ಪಾಯಸ ಹಾಕಿಸಿಕೊಂಡರು.