ಚಂದ್ರಲೋಕಕ್ಕೆ ಹೋದ ಟಗರು

ನಮ್ಮ ದೊಡ್ಡಪ್ಪ ತಿಮ್ಮರಾಯಪ್ಪನ ಎದುರಿಗೆ ಯಾರೂ ಹೊಸ ಪಡ ಚೆನ್ನಾಗಿದೆ ಎನ್ನುವ ಹಾಗಿರಲಿಲ್ಲ. ಅಂದರೆ ಮುಗಿಯಿತು, ತಟ್ಟೆಯ ಮುದ್ದೆ ಆರಿ ಕಲ್ಲಾಗುವವರೆಗೂ ಬಿಡುತ್ತಿರಲಿಲ್ಲ. ಪಡ ಎಂದರೆ ಸಿನಿಮಾ. ತಮಿಳು ಸೀಮೆಯ ಮಾರಂಡಹಳ್ಳಿ ಕಡೆ ನಾವು ಹಾಗೇ ಅನ್ನುವುದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಬಸ್ಸಿನಲ್ಲಿ ಎರಡೂ ಸೇರಿಸಿ ಜಗಳ. ಇಂಥ ಜನ ನಾವು.

ದೊಡ್ಡಪ್ಪನಿಗೆ ಕುರಿ ಬಿಟ್ಟರೆ ಲೋಕದಲ್ಲಿ ಪ್ರೀತಿ ಇದ್ದದ್ದು ಒಂದೇ ಒಂದರ ಮೇಲೆ. ಅದು 'ನಿಲಾ ವೀರನ್' ಅನ್ನುವ ಹಳೇ ತಮಿಳು ಪಡ. ನಿಲಾ ಅಂದರೆ ಚಂದ್ರ. ಕಪ್ಪುಬಿಳುಪಿನದು, ನನಗೆ ಬುದ್ಧಿ ತಿಳಿಯುವ ಮೊದಲೇ ಮಾರಂಡಹಳ್ಳಿಯ ಟೆಂಟ್ ಕೊಟ್ಟಾಯಿಗೆ, ಅಂದರೆ ಡೇರೆ ಟಾಕೀಸಿಗೆ, ಬಂದು ಹೋಗಿತ್ತು. ಒಬ್ಬ ವೀರ ಕಬ್ಬಿಣದ ದೊಡ್ಡ ಗುಡಾಣದೊಳಗೆ ಕೂತು ಚಂದ್ರಲೋಕಕ್ಕೆ ಹಾರುತ್ತಾನೆ, ಅಲ್ಲಿಯ ರಾಕ್ಷಸರ ಜೊತೆ ಬಡಿದಾಡುತ್ತಾನೆ, ಬರುವಾಗ ಅಲ್ಲಿಯ ರಾಜಕುಮಾರಿಯನ್ನು ಕರೆದುಕೊಂಡು ಬರುತ್ತಾನೆ. ಆಮೇಲೆ ಅವನ ಮಗನ ಮೇಲೆ ಇನ್ನೊಂದು ಪಡ ಬಂತು. ಎರಡನ್ನೂ ದೊಡ್ಡಪ್ಪ ಎಷ್ಟು ಸಲ ನೋಡಿದ್ದನೋ ಅವನಿಗೇ ಲೆಕ್ಕವಿರಲಿಲ್ಲ.

ನೋಡಿ ಸುಮ್ಮನೆ ಕೂರುವ ಜಾತಿಯಲ್ಲ ಅವನು. ನಮ್ಮ ಹಟ್ಟಿಯ ಮುಂದೆ ಹೊಂಗೆ ಮರದ ಕೆಳಗೆ ಕುರಿಯ ಉಣ್ಣೆ ಕತ್ತರಿಸುವ ದಿನ ಊರಿಗೆ ಊರೇ ಸೇರುತ್ತಿತ್ತು. ಗಂಡಸರು ಕತ್ತರಿ ಹಿಡಿದರೆ ಹೆಂಗಸರು ಉಣ್ಣೆ ಹಿಂಜಿ ನೂಲುವುದು. ಆಗ ದೊಡ್ಡಪ್ಪ ಕುರಿಯನ್ನು ತೊಡೆಗೆ ಒತ್ತಿಕೊಂಡು, ಕತ್ತರಿ ಆಡಿಸುತ್ತಲೇ, ಆ ಪಡವನ್ನು ಕನ್ನಡದಲ್ಲಿ ಹೇಳುತ್ತಿದ್ದ. ಆಗಿನ್ನೂ ಟೆಂಟಿನ ಬಾಗಿಲು ಕಾಣದ ಹೆಂಗಸರಿಗೆಲ್ಲ ಚಂದ್ರಲೋಕದ ಹಾದಿ ಬಾಯಿಪಾಠವಾಗಿತ್ತು.

ಆ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡವನು ವೀರನಲ್ಲ, ಒಂದು ಟಗರು. ಕರಿಯ ಅಂತ ಹೆಸರು. ನಮ್ಮಲ್ಲಿ ಕಾಣದ ಸೀಮೆಗೆ ಕುರಿ ಹೊಡೆದುಕೊಂಡು ಹೋದರೆ ಮೊದಲು ಮುಂದಾಳು ಟಗರನ್ನು ಬಿಡುವುದು ಪದ್ಧತಿ. ಅದು ಮೂಸಿ, ಒಂದು ಬಾಯಿ ಹುಲ್ಲು ತಿಂದು, ಕತ್ತೆತ್ತಿ ಗಂಟೆ ಆಡಿಸಿದ ಮೇಲೇ ಮಿಕ್ಕ ಮಂದೆ, ಅದರ ಹಿಂದೆ ಮನುಷ್ಯರು. ನಿಲಾ ವೀರನೂ ಹಾಗೇ ಮಾಡಿದನಂತೆ. ಗುಡಾಣದ ಬಾಗಿಲು ತೆಗೆದವನೇ, "ಓಗು ಕರಿಯಾ, ನೋಡ್ಕಂಡು ಬಾ" ಅಂದ. ಟಗರು ಚಂದ್ರನ ಮೇಲೆ ಇಳಿಯಿತು, ಮೂಸಿತು, ಗಂಟೆ ಆಡಿಸಿತು. ಈ ಜಾಗ ಬಂದಾಗ ಕತ್ತರಿಗಳೆಲ್ಲ ನಿಲ್ಲುತ್ತಿದ್ದವು.

ಅರವತ್ತೊಂಬತ್ತರಲ್ಲಿ ಪಂಚಾಯ್ತಿ ಆಫೀಸಿನ ರೇಡಿಯೋದಲ್ಲಿ, ಅಮೆರಿಕದವರು ಚಂದ್ರನ ಮೇಲೆ ಇಳಿದರು ಅಂತ ಹೇಳಿದಾಗ ದೊಡ್ಡಪ್ಪ ಕೇಳಿದ್ದು ಒಂದೇ ಮಾತು.

"ಟಗರು ಬಿಟ್ರಂತಾ ಮೊದಲು?"

ರೇಡಿಯೋದವರು ಅದನ್ನು ಹೇಳಿಲ್ಲ ಅಂದರು ಅಲ್ಲಿದ್ದವರು.

"ಅಂಗಾದ್ರೆ ಪೊಯ್ ಕಣ್ಲಾ, ಸುಳ್ಳು," ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದುಬಂದ.

ಎಪ್ಪತ್ತೈದನೇ ಇಸವಿಯಲ್ಲಿ ಮಾರಂಡಹಳ್ಳಿಯ ಟೀ ಅಂಗಡಿ ಗೋಡೆಗೆ ಪೋಸ್ಟರ್ ಬಿತ್ತು. 'ಪುದಿಯ ನಿಲಾ ವೀರನ್'. ಹೊಸ ವೀರ, ಪೂರ್ತಿ ಕಲರ್. ಹಳೇ ಕಥೆಯನ್ನೇ ಮೊದಲಿನಿಂದ ಮತ್ತೆ ತೆಗೆದಿದ್ದಾರಂತೆ. ದೊಡ್ಡಪ್ಪ ಪೋಸ್ಟರಿನ ಮುಂದೆ ನಿಂತು ನೋಡಿದ. ವೀರನಿಗೆ ಮೈಗಂಟಿದ ಬೆಳ್ಳಿ ಬಣ್ಣದ ಬಟ್ಟೆ, ಕಿವಿ ಮುಚ್ಚುವ ಕೂದಲು.

"ಥೂ! ಕ್ಷೌರ ಮಾಡಿಸ್ಕಳಾಕೂ ಗತಿ ಇಲ್ದೋನು, ಇವನು ಚಂದ್ರಲೋಕಕ್ಕೆ ಓಯ್ತಾನಂತೆ! ಒಸದರಾಗೆ ಅಗಸ ಗೋಣಿ ಎತ್ತೆತ್ತಿ ಒಗೆದ್ನಂತೆ."

ಇಷ್ಟು ಬೈದವನು ನೋಡಲು ಹೋಗಬಾರದು ತಾನೇ? ಮೊದಲನೇ ದಿನದ ಮೊದಲನೇ ಆಟಕ್ಕೆ, ನನ್ನನ್ನೂ ದೊಡ್ಡಮ್ಮ ಚಿನ್ನಕ್ಕನನ್ನೂ ಎಳೆದುಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದ. ಕೇಳಿದರೆ, "ಬೈಯೋಕಾದ್ರೂ ನೋಡ್ಬೇಕಲ್ಲಮ್ಮಿ" ಅಂದ.

ನಾವು ಟೆಂಟಿನ ಮರಳ ಮೇಲೆ ಕೂತೆವು. ಹೊಸ ಗುಡಾಣದ ತುಂಬ ಮದುವೆ ಮನೆಯ ಹಾಗೆ ಕೆಂಪು ಹಸಿರು ಬಲ್ಬು. "ಮೂಗಿಗಿಂತ ಮೂಗುತಿ ಭಾರ," ಎಂದ ದೊಡ್ಡಪ್ಪ. ರಾಕ್ಷಸರು ಬಂದರೆ, "ಅಳೇ ರಾಕ್ಷಸರಿಗೆ ಮೀಸೆ ಇತ್ತು" ಎಂದ. ಹೊಸ ರಾಜಕುಮಾರಿ ತಾನೇ ಕತ್ತಿ ಹಿಡಿದು ರಾಕ್ಷಸನನ್ನು ಹೊಡೆದಾಗ ಮಾತ್ರ, "ಇವಳು ಪರವಾಗಿಲ್ಲ" ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡ. ನಾನು ನಕ್ಕರೆ ಮೊಣಕೈಯಿಂದ ತಿವಿದ.

ಆದರೆ ವೀರ ಚಂದ್ರನ ಮೇಲೆ ಕಾಲಿಡುವ ಜಾಗ ಬಂತು ನೋಡಿ. ತಲೆಗೆ ಗಾಜಿನ ಬುರುಡೆ ಹಾಕಿಕೊಂಡು ಬಾಗಿಲು ತೆಗೆದವನೇ ದಡಬಡ ಇಳಿದುಬಿಟ್ಟ. ದೊಡ್ಡಪ್ಪ ಎದ್ದು ನಿಂತ.

"ಲೇ! ಟಗರು ಬಿಡ್ಲಾ ಮೊದಲು!"

ಹಿಂದೆ ಕೂತಿದ್ದ ನಮ್ಮೂರ ಹೆಂಗಸರೂ ಶುರು ಮಾಡಿದರು. "ಟಗರೆಲ್ಲಿ? ಕರಿಯ ಎಲ್ಲಿ?" ಅಕ್ಕಪಕ್ಕದವರು ತಿರುಗಿ ನೋಡಿ, "ಉಕ್ಕಾರುಯ್ಯಾ!" ಎಂದು ದೊಡ್ಡಪ್ಪನ ಪಂಚೆ ಹಿಡಿದೆಳೆದು ಕೂರಿಸಿದರು. ಆಗಲೇ ಪರದೆಯ ಮೇಲೆ ಚಂದ್ರನ ಬೋಳು ಗುಡ್ಡದ ಹಿಂದಿನಿಂದ ನಮ್ಮ ಭೂಮಿ ಮೇಲೆದ್ದಿತು. ದುಂಡಗೆ, ನೀಲಿಯಾಗಿ. ಟೆಂಟಿನಲ್ಲಿ ಗಲಾಟೆ ನಿಂತಿತು. ನಾನು ಪಕ್ಕಕ್ಕೆ ನೋಡಿದೆ, ದೊಡ್ಡಪ್ಪ ಎಲೆಯಡಿಕೆ ಅಗಿಯುವುದನ್ನೇ ಮರೆತು ಕೂತಿದ್ದ.

ವಾಪಸು ಬರುವಾಗ ಗಾಡಿಯಲ್ಲಿ ಕೇಳಿದೆ. "ಆ ನೀಲಿ ಚೆಂದಾಗಿತ್ತಲ್ವಾ ದೊಡ್ಡಪ್ಪಾ?"

"ಸುಮ್ಕಿರಮ್ಮಿ. ಟಗರಿಲ್ಲದ್ದೂ ಒಂದು ಪಡವಾ?"

ಗಾಡಿಯಲ್ಲಿ ಜವರಪ್ಪನೂ ಇದ್ದ. ದೊಡ್ಡಮ್ಮನ ತಮ್ಮ, ಸೇಲಂನ ಸಬ್ಬಕ್ಕಿ ಮಿಲ್ಲಿನಲ್ಲಿ ಕೆಲಸ, ರಜಕ್ಕೆ ಬಂದಿದ್ದ. ಭಾವನ ಕಾಲೆಳೆಯದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

"ಬಾವಾ, ನಾನು ಅಳೇ ಪಡಾನ ಸೇಲಂನಾಗೆ ನೋಡಿವ್ನಿ. ಅದ್ರಾಗೂ ಟಗರಿಲ್ಲ."

"ಏನಂದೆ?"

"ಟಗರೂ ಇಲ್ಲ, ಮೇಕೆನೂ ಇಲ್ಲ. ನೀನು ಇಷ್ಟು ವರ್ಷ ಊರಿಗೆಲ್ಲ ರೀಲು ಬಿಟ್ಟಿದ್ದೀಯ."

ಮನೆ ಸೇರುವವರೆಗೂ ಜಗಳ. ಬೆಳಿಗ್ಗೆ ಅದು ಕುರಿ ಹಟ್ಟಿಗೇ ಬಂತು, ಊರ ಜನ ಸುತ್ತ ನಿಂತರು. ನಮ್ಮಲ್ಲಿ ತಪ್ಪಬಾರದ ಮಾತನ್ನು ಟಗರಿನ ತಲೆ ಮುಟ್ಟಿ ಕೊಡುತ್ತಾರೆ. ದೊಡ್ಡಪ್ಪ ಮುಂದಾಳು ಟಗರಿನ ತಲೆಯ ಮೇಲೆ ಕೈಯಿಟ್ಟ.

"ಅಳೇ ಪಡದಾಗೆ ಕರಿಯ ಇಲ್ದಿದ್ರೆ, ಉಣ್ಣೆ ಕತ್ತರಿಸೋವಾಗ ನಾನು ಇನ್ನು ಬಾಯಿ ಬಿಡಾಕಿಲ್ಲ ಕಣೋ ಜವರಾ. ಸತ್ರೂ ಬಿಡಾಕಿಲ್ಲ."

ಅವನ ಕಥೆ ಇಲ್ಲದ ಉಣ್ಣೆ ಕೆಲಸ ಅಂದರೆ ಬರೀ ಕುರಿ ನಾತ, ಬೆನ್ನು ನೋವು. ಇವನಿಗೇನು ಬಂತು ರೋಗ, ಇಷ್ಟು ದೊಡ್ಡ ಮಾತಾಡೋಕೆ ಅಂತ ನನಗೆ ಸಿಟ್ಟು ಬಂತು.

ಹೊಸ ಪಡ ಓಡಿದ್ದು ನೋಡಿ ಟೆಂಟಿನ ಯಜಮಾನ ಹಳೇದರ ಪೆಟ್ಟಿಗೆಯನ್ನೂ ತರಿಸಿದ. ನಮ್ಮೂರಿನ ಗಾಡಿಗಳೆಲ್ಲ ಹೊರಟವು. ಯಾವತ್ತೂ ಟೆಂಟಿಗೆ ಬಾರದ ಮಾರಕ್ಕತ್ತೆಯೂ ಹೊರಟಳು. ಅವಳು ದೊಡ್ಡಪ್ಪನ ಅಕ್ಕ, ನನಗೆ ಸೋದರತ್ತೆ. ನಡುವಯಸ್ಸಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಅದು 'ನಿಲಾ ವೀರನ್' ಮೊದಲ ಸಲ ಬರುವುದಕ್ಕೆ ಹಿಂದಿನ ವರ್ಷ. "ನಿಂಗೇನು ಕಾಣ್ತದತ್ತೆ?" ಎಂದು ಕೇಳಿ ಬೈಸಿಕೊಂಡೆ. "ಕಾಣದಿದ್ರೆ ಓಗಲಿ, ಕೇಳ್ತದಲ್ಲೇ" ಎಂದಳು.

ಪಡ ಶುರುವಾಯಿತು. ಕಬ್ಬಿಣದ ಗುಡಾಣ ಹಾರಿತು, ಇಳಿಯಿತು. ಬಾಗಿಲು ತೆರೆಯಿತು. ನಮ್ಮೂರು ಪೂರ್ತಿ ಉಸಿರು ಹಿಡಿಯಿತು.

ಬಾಗಿಲಿನಿಂದ ವೀರ ಬಂದ. ಒಬ್ಬನೇ ಬಂದ. ಬಂದವನು ಸೊಂಟದ ಮೇಲೆ ಕೈಯಿಟ್ಟು ಹಾಡು ಶುರು ಮಾಡಿದ.

ಟಗರು ಆಮೇಲೆ ಬರಬಹುದು ಅಂತ ಕೊನೆಯವರೆಗೂ ಕಾದೆವು. ಬರಲಿಲ್ಲ. ನಮ್ಮ ಹೆಂಗಸರು ಮಿಷನ್ ಬಿಡುವವನನ್ನು ಮುತ್ತಿಕೊಂಡು, "ನಮ್ಮ ಟಗರನ್ನ ಎಲ್ಲಿ ಕತ್ತರಿಸಿ ಮಡಗಿದೀಯೋ?" ಎಂದು ಜೋರು ಮಾಡಿದರು. ಪಾಪ, ಅವನು ರೀಲಿನ ಪೆಟ್ಟಿಗೆಗಳನ್ನೆಲ್ಲ ತೆಗೆದು ತೋರಿಸಿ, ತಾಯಿಯ ಮೇಲೆ ಆಣೆ ಮಾಡಿದ. ದೊಡ್ಡಪ್ಪ ಇಂಗು ತಿಂದ ಮಂಗನಂತೆ ನಿಂತಿದ್ದ. "ಇತ್ತು ಕಣಮ್ಮಿ," ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದ. "ನನ್ನ ಕಣ್ಣಾರೆ ನೋಡಿವ್ನಿ." ಅವನು ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ನನಗೆ ಅಳು ಬಂತು.

ಉಣ್ಣೆ ಕತ್ತರಿಸುವ ದಿನ ಬಂತು. ಹೊಂಗೆ ಮರದ ಕೆಳಗೆ ಎಲ್ಲರೂ ಕೂತೆವು. ದೊಡ್ಡಪ್ಪ ತುಟಿ ಬಿಗಿದುಕೊಂಡು ಕತ್ತರಿ ಆಡಿಸಿದ. ಮಾತಿಲ್ಲದ ಕಡೆ ಕೆಲಸ ಸಾಗುತ್ತದೆಯೇ? ಕುರಿಗಳು ಒದ್ದವು. ಹೆಂಗಸರು ನೂಲುವ ಕದಿರಿಗಾಗಿ ಜಗಳ ತೆಗೆದರು. ಹೊಸ ಕಂಬಳಿಗೆ ಉಣ್ಣೆ ಕೇಳಲು ಸೇಲಂನಿಂದ ಬಂದಿದ್ದ ಜವರಪ್ಪ ಒಂದು ಕುರಿಯ ಕಿವಿಗೇ ಕತ್ತರಿ ತಾಗಿಸಿ ದೊಡ್ಡಮ್ಮನ ಕೈಲಿ ಬೈಸಿಕೊಂಡ. ಗೆದ್ದವನ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ.

ಆಗ ಮಾರಕ್ಕತ್ತೆ ಬಾಯಿ ತೆಗೆದಳು.

"ಜವರಾ, ಆ ಟಗರನ್ನ ತಂದೋಳು ನಾನು ಕಣಪ್ಪಾ."

ಎಲ್ಲರೂ ಅವಳ ಕಡೆ ತಿರುಗಿದೆವು. ಅವಳ ಕೈ ಉಣ್ಣೆ ಹಿಂಜುತ್ತಲೇ ಇತ್ತು.

"ನನ್ನ ಕಣ್ಣು ಓದ ಮಾರನೇ ವರ್ಷ. ನಾನು ಮೂಲೆ ಹಿಡ್ಕಂಡು ಕೂತಿದ್ದೆ, ಉಣ್ಣೋದೂ ಬಿಟ್ಟಿದ್ದೆ. ತಿಮ್ಮ ಬಂದು ಈ ಪಡದ ಕತೆ ಏಳ್ದ. ಅವನು ಇಳಿದ ಅಂದ. ನಾನು ಕೇಳ್ದೆ, ಅಲ್ಲಲಾ, ಕಾಣದ ಸೀಮೆಗೆ ಟಗರು ಬಿಡದೆ ಎಂಗಲಾ ಇಳಿದ ಅಂತ. ಕಣ್ಣು ಓದ ಮೇಲೆ ನಾನು ಬಾಯಿಬಿಟ್ಟಿದ್ದು ಅದೇ ಮೊದಲು. ತಿಮ್ಮ ಒಂದು ಗಳಿಗೆ ಸುಮ್ಕಿದ್ದ. ಆಮೇಲೆ, ಇತ್ತು ಕಣಕ್ಕಾ, ಏಳೋದು ಮರೆತಿದ್ದೆ ಅಂದ. ಅವನಿಗೆ ಮರೆತೋಗೈತೆ. ನಂಗೆ ಮರೆತಿಲ್ಲ."

ದೊಡ್ಡಪ್ಪನ ಕೈ ನಿಂತಿತು. ಅವನ ತೊಡೆಯಡಿಯ ಕುರಿ ತಪ್ಪಿಸಿಕೊಂಡು ಅರ್ಧ ಬೋಳು ಮೈಯಲ್ಲಿ ಓಡಿತು, ಯಾರೂ ಹಿಡಿಯಲು ಏಳಲಿಲ್ಲ.

"ಮೊನ್ನೆ ಅಳೇ ಪಡಾನ ನಾನೂ ಕೇಳಿಸ್ಕಂಡೆ," ಎಂದಳು ಅತ್ತೆ. "ಚಂದ್ರನ ಮ್ಯಾಲೆ ಇಳಿದೋನೇ ಹಾಡ್ತಾನಲ್ಲೋ, ಬುದ್ಧಿ ಐತಾ ಅವನಿಗೆ? ನಮ್ಮ ತಿಮ್ಮ ಏಳಿದ್ದೇ ಸರಿ. ಪಡ ತೆಗೆದೋರೇ ತಪ್ಪು ಮಾಡವ್ರೆ."

ಜವರಪ್ಪ ಎದ್ದ. ಮುಂದಾಳು ಟಗರನ್ನು ಕೊಂಬು ಹಿಡಿದು ಎಳೆತಂದು ಅದರ ತಲೆಯ ಮೇಲೆ ಕೈಯಿಟ್ಟ.

"ಬಾವ ಮಾತು ಕೊಟ್ಟಿದ್ದು ನಂಗೆ. ಆ ಮಾತು ನಾನು ಬಿಟ್ಟೆ. ಎಲ್ಲರೂ ಕೇಳಿಸ್ಕಳಿ, ಬಿಟ್ಟೆ." ಆಮೇಲೆ ತಲೆ ಕೆರೆದುಕೊಂಡು ಹೇಳಿದ, "ಈಗ ಏಳು ಬಾವಾ. ಬಾಗಿಲು ತೆಗೀತು. ಆಮ್ಯಾಕೆ?"

ದೊಡ್ಡಪ್ಪ ಕಣ್ಣೊರೆಸಿಕೊಂಡ. ಉಣ್ಣೆಯ ಎಳೆ ಬಿತ್ತು ಅಂತ ಹೇಳಿಕೊಂಡ, ನಾವೂ ಒಪ್ಪಿಕೊಂಡೆವು. ಇನ್ನೊಂದು ಕುರಿಯನ್ನು ತೊಡೆಗೆಳೆದುಕೊಂಡು ಗಂಟಲು ಸರಿಮಾಡಿದ.

"ಬಾಗಿಲು ತೆಗೀತು. ವೀರ ಅಂದ, ಓಗು ಕರಿಯಾ, ನೋಡ್ಕಂಡು ಬಾ. ಕರಿಯ ಇಳೀತು. ಮೂಸಿತು. ಗಂಟೆ ಆಡಿಸ್ತು." ಇಲ್ಲಿ ಕತ್ತರಿ ಕೆಳಗಿಟ್ಟ. "ಆಡಿಸಿ ಕತ್ತೆತ್ತಿ ನೋಡ್ತದೆ, ಗುಡ್ಡದ ಇಂದೆ ನಮ್ಮ ಭೂಮಿ ಉಟ್ಟುತಾ ಐತೆ. ದುಂಡಗೆ. ನೀಲಿ."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅದು ಹೊಸ ಪಡದ್ದು! ಬೈದು ಬೈದು ಇಟ್ಟಿದ್ದ ಪಡದಿಂದ ಭೂಮಿಯನ್ನೇ ಎತ್ತಿಕೊಂಡು ಬಂದಿದ್ದ ಕಳ್ಳ.

"ನೀಲಿ ಅಂದ್ರೆ ಎಂಥಾ ನೀಲಿ ತಿಮ್ಮಾ?" ಎಂದಳು ಅತ್ತೆ. ಉಣ್ಣೆ ಹಿಂಜುತ್ತಿದ್ದ ಅವಳ ಕೈ ಈಗ ನಿಂತಿತ್ತು.

ದೊಡ್ಡಪ್ಪ ಯೋಚಿಸಲೇ ಇಲ್ಲ.

"ನಿನ್ನ ಮದುವೇಲಿ ಅಪ್ಪಯ್ಯ ಸೇಲಂನಿಂದ ನೇಯಿಸ್ಕಂಡು ಬಂದ ಸೀರೆ ಇತ್ತಲ್ಲಕ್ಕಾ. ಅದೇ ನೀಲಿ."

ಅತ್ತೆ ಉಣ್ಣೆಯ ಮೇಲೆ ಬೆರಳಾಡಿಸುತ್ತಿದ್ದಳು, ಸೀರೆಯ ಅಂಚು ಹುಡುಕುವ ಹಾಗೆ.

"ಇಷ್ಟು ವರ್ಷ ಈ ನೀಲಿ ಏಳಿರ್ಲಿಲ್ಲ ನೀನು. ಅಂಗಾದ್ರೆ ಆ ಒಸ ಪಡ ಪರವಾಗಿಲ್ಲ ಬಿಡು," ಎಂದಳು.

"ಪರವಾಗಿಲ್ಲ ಅಂತ ನಾನೆಲ್ಲಿ ಅಂದೆ?" ಎಂದು ದೊಡ್ಡಪ್ಪ ರೇಗಿ, ಕತ್ತರಿ ಆಡಿಸತೊಡಗಿದ.