ಸಾಬುಂಗ್ ಕೇಳಿದ ಅಜ್ಜಿ

ಕೊಲ್ಲಿ ದೇಶದ ನಮ್ಮ ಖಾಲಿದಿಯಾ ಬಡಾವಣೆಯಲ್ಲಿ ಹಳೆಯ ಕಟ್ಟಡಗಳು ಇನ್ನೂ ಉಳಿದಿದ್ದ ಕಾಲ ಅದು. ಕಾರಿಡಾರಿನ ಟೈಲುಗಳ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದೆವು. ಯಾರ ಮನೆಯಲ್ಲಿ ಒಣಮೀನು ಹುರಿಯುತ್ತಿದ್ದಾರೆಂಬುದು ಲಿಫ್ಟಿನ ಬಾಗಿಲು ತೆರೆದೊಡನೆ ತಿಳಿಯುತ್ತಿತ್ತು. ನಮ್ಮದು ಉಡುಪಿ ಕಡೆಯ ತುಳು ಮಾತಿನ ಮನೆ. ಎದುರು ಫ್ಲ್ಯಾಟಿನಲ್ಲಿ ನನ್ನದೇ ವಯಸ್ಸಿನ ರಹ್ಮಾ, ಇಂಡೋನೇಷ್ಯಾದವಳು. ನಾನು ಐದನೇ ತರಗತಿಯಲ್ಲಿದ್ದ ಚಳಿಗಾಲ ಅವಳ ಅಜ್ಜಿ ವಿಸಿಟ್ ವೀಸಾದಲ್ಲಿ ಬಂದರು. ರಹ್ಮಾ ಕರೆದಂತೆ ನಾನೂ ಅವರನ್ನು ನೆನೆ ಎಂದೆ.

ನೆನೆಯ ಮಾತು ಬುಗಿಸ್, ಸುಲಾವೆಸಿ ದ್ವೀಪದ ಭಾಷೆ. ಆ ಮನೆಯಲ್ಲಿ ಅದು ಬರುತ್ತಿದ್ದುದು ರಹ್ಮಾಳ ಅಪ್ಪನಿಗೆ ಮಾತ್ರ. ಅವರು ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಮುಸಫ್ಫಾದ ಕಾರ್ಖಾನೆಗಳ ಕಡೆಗೆ ಹೋದರೆ ಬರುವಾಗ ಕತ್ತಲಾಗುತ್ತಿತ್ತು. ತಾಯಿ ಜಾವಾದವರು, ಅವರೂ ರಹ್ಮಾಳೂ ಮನೆಯಲ್ಲಿ ಆಡುತ್ತಿದ್ದುದು ನೆನೆಗೆ ಸರಿಯಾಗಿ ಬಾರದ ಇಂಡೋನೇಷ್ಯನ್.

ಒಂದು ದಿನ ನೆನೆ ಬಚ್ಚಲಿನಿಂದ “ಸಾಬುಂಗ್! ಸಾಬುಂಗ್!” ಎಂದು ಕೂಗಿದರು. ಇಂಡೋನೇಷ್ಯನ್ನಿನಲ್ಲಿ ಆ ಪದಕ್ಕೆ ಕೋಳಿ ಅಂಕ, ಅಂದರೆ ಕೋಳಿ ಕಾಳಗ, ಎಂದರ್ಥವಂತೆ. ತಾಯಿ, ಮಗಳು ಬಿದ್ದು ಬಿದ್ದು ನಕ್ಕರು. ನೆನೆ ಒದ್ದೆ ತಲೆಯಲ್ಲೇ ಹೊರಬಂದು, ಅಡುಗೆಮನೆಯಿಂದ ತಾವೇ ಸಾಬೂನು ತೆಗೆದುಕೊಂಡು ಹೋದರು. ಅಂದಿನಿಂದ ಮಾತು ನಿಲ್ಲಿಸಿ ಕಿಟಕಿಯತ್ತ ಮುಖ ಮಾಡಿ ಕುಳಿತರು. ಮಗನಿಗೆ ಮಾತ್ರ, ತಕ್ಷಣ ಊರಿಗೆ ಕಳಿಸು ಎಂದು ಹೇಳಿದರಂತೆ.

ಗೋಳಿಬಜೆ ಕರಿಯುತ್ತಿದ್ದ ನಮ್ಮಮ್ಮ ಇದನ್ನು ಕೇಳಿ ಗದರಿದರು. “ಅದಕ್ಕೆ ನಗುದಾ ಮಾರಾಯ್ತಿ? ಬಸ್ ಅನ್ಲಿಕ್ಕೆ ನಾವು ಬಸ್ಸು ಅನ್ನುದಿಲ್ವಾ? ಅವರ ಬಾಯಿಗೆ ಸಾಬುನ್ ಹಾಗೆ ಬರ್ತದೆ.”

ಅಮ್ಮನ ಮಾತನ್ನು ನಾನು ಹೇಳಿದಾಗ ರಹ್ಮಾ ಎದ್ದು ನಿಂತಳು. “ನೆನೆ ಹೋಗಬಾರದು. ಅವರ ಮಾತು ನಾನು ಕಲಿತೇ ಕಲೀತೀನಿ. ನೀನೂ ಬಾ, ಯಲ್ಲಾ, ನಡಿ!”

ಸಾಬೂನು ಹಿಡಿದು ನೆನೆಯ ಮುಂದೆ ನಿಂತು “ಸಾಬುಂಗ್” ಎಂದಳು. ನೆನೆ ತಿರುಗಲಿಲ್ಲ. ಮರುದಿನವೂ ಇಲ್ಲ. ರಹ್ಮಾ ಬಿಡಲಿಲ್ಲ. ಆಮೇಲೊಂದು ಸಂಜೆ ಬಾಟಲಿ ತೋರಿಸಿ “ಬೋಟೊಲ್?” ಎಂದಾಗ, ಕಿಟಕಿಯಾಚೆ ನೋಡುತ್ತಲೇ ನೆನೆ “ಬೋಟೊಲೊ” ಎಂದರು. ಕೊನೆಯ ಸ್ವರವನ್ನು ಗಂಟಲಲ್ಲೇ ತಡೆದು ನುಂಗಿದ ಹಾಗಿತ್ತು. ನಾವು ಹೇಳಿದೆವು. ಅವರು ಲೊಚಗುಟ್ಟಿ ಅಲ್ಲವೆಂದು ತಲೆಯಾಡಿಸಿದರು. ಮತ್ತೆ ಹೇಳಿದೆವು.

ಅದೇ ನಮ್ಮ ಆಟವಾಯಿತು. ರಹ್ಮಾ ಇಂಡೋನೇಷ್ಯನ್ ಪದ ಹೇಳಬೇಕು, ಅದು ನೆನೆಯ ಬಾಯಲ್ಲಿ ಏನಾಗುತ್ತದೆಂದು ನಾನು ಊಹಿಸಬೇಕು. ಕೊನೆಯ ‘ನ್’ ‘ಂಗ್’ ಆಗುತ್ತಿತ್ತು. ‘ಲ್’ ಬಂದರೆ ಹಿಂದೊಂದು ಸ್ವರ ಅಂಟಿಕೊಳ್ಳುತ್ತಿತ್ತು. ಎಲ್ಲ ಗೊತ್ತಾಯಿತೆಂಬ ಜಂಬದಲ್ಲಿ ಮೀನಿನ ‘ಇಕಾನ್’ಗೆ ನಾನು “ಇಕಾಂಗ್” ಎಂದೆ. ನೆನೆ ಮೊದಲ ಬಾರಿ ನಕ್ಕರು. “ಬಲೆ!” ಅದು ಸಾಲ ತಂದ ಪದವಲ್ಲ, ಅವರದೇ. ನಮ್ಮಲ್ಲಿ ಮೀನು ಹಿಡಿಯುವುದು ಬಲೆ, ಅವರಲ್ಲಿ ಮೀನೇ ಬಲೆ! ಅಂದು ಬಾಳೆಹಣ್ಣು ಅರೆದು ಬಾಳೆಎಲೆಯಲ್ಲಿ ಬೇಯಿಸಿದ ತಿಂಡಿಯನ್ನು ನಮ್ಮಿಬ್ಬರಿಗೂ ಕೊಟ್ಟರು. ಊರಿಗೆ ಹೋಗುವ ಮಾತು ಮತ್ತೆ ಎತ್ತಲಿಲ್ಲ.

ವೀಸಾ ಮುಗಿಯುವ ಮೊದಲು ಒಂದು ಸಂಜೆ ಅಮ್ಮ ನಮ್ಮನ್ನೆಲ್ಲ ಸಮುದ್ರದ ದಂಡೆಗೆ ಕರೆದೊಯ್ದರು. ನೆನೆ ದೂರಕ್ಕೆ ಬೆರಳು ತೋರಿಸಿ “ಕಪ್ಪಲಾ” ಎಂದರು. ಹಡಗು. ಆಮೇಲೆ ನಿಧಾನವಾಗಿ ಏನೋ ಹೇಳತೊಡಗಿದರು. ಅಷ್ಟರಲ್ಲಿ ಸಣ್ಣ ವಾಕ್ಯಗಳನ್ನೂ ಕಲಿತಿದ್ದ ರಹ್ಮಾ ಅರ್ಥವಾಗದಲ್ಲಿ ತಡೆದು ಕೇಳಿದಳು, ಅವರು ಮತ್ತೆ ಹೇಳಿದರು. ಕೊನೆಗೆ ನಮ್ಮ ಕಡೆ ತಿರುಗಿದ ರಹ್ಮಾಳ ಕೆನ್ನೆ ಒದ್ದೆಯಾಗಿತ್ತು. “ನಮ್ಮಜ್ಜ ಹಡಗಲ್ಲಿ ಹೋದವರು ವಾಪಸ್ ಬರಲೇ ಇಲ್ಲವಂತೆ. ನೆನೆ ಮೀನು ಒಣಗಿಸಿ ಮಾರಿ ಅಪ್ಪನನ್ನ ಶಾಲೆಗೆ ಕಳಿಸಿದರಂತೆ. ಅಪ್ಪ ನನಗೆ ಯಾವತ್ತೂ ಹೇಳಿರಲಿಲ್ಲ.” ಅವಳ ತಲೆಯ ಮೇಲಿಟ್ಟ ಕೈಯನ್ನು ನೆನೆ ಬಹಳ ಹೊತ್ತು ತೆಗೆಯಲಿಲ್ಲ.

ಈಗ ನಾನು ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಕೆಲಸದಲ್ಲಿದ್ದೇನೆ. ಆ ಕಟ್ಟಡ ಇಲ್ಲ, ನೆನೆಯೂ ಇಲ್ಲ. ರಹ್ಮಾ ಜಕಾರ್ತಾದಲ್ಲಿದ್ದಾಳೆ. ಮೊನ್ನೆ ಫೋನಿನಲ್ಲಿ ಬುಗಿಸ್ ಇನ್ನೂ ಬರುತ್ತದೆಯೇ ಎಂದು ಕೇಳಿದೆ. “ಪದಗಳು ನೆನಪಿವೆ. ಸರಿ ಹೇಳ್ತಿದ್ದೀನೋ ಇಲ್ಲವೋ, ಕೇಳಲಿಕ್ಕೆ ಯಾರೂ ಇಲ್ಲ. ಅಪ್ಪನೂ ಈಗ ಇಂಡೋನೇಷ್ಯನ್ನೇ ಆಡ್ತಾರೆ” ಎಂದಳು.

ಫೋನಿಟ್ಟು ಅಮ್ಮನಿಗೆ ಕರೆ ಮಾಡಿದೆ. ಅವರ ತುಳುವಿಗೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿ ವರ್ಷಗಳಾಗಿದ್ದವು. ಆ ದಿನ ತುಳುವಿನಲ್ಲೇ ಮಾತಾಡಿದೆ. ನಡುವೆ ಪದ ಸಿಗದೆ ನಿಂತೆ. ಆ ಕಡೆ ಅಮ್ಮ ಕಾದರು. ನಾನು ಇಂಗ್ಲಿಷಿಗೆ ಹೊರಳಲಿಲ್ಲ.